ತುಡುವೆ ಜೇನು ಪೆಟ್ಟಿಗೆಯ ಮೊದಲ ವರ್ಷ: ಹುಳ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಅಡಿಕೆಮನೆ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ, ಪಕ್ಕದಲ್ಲೇ ಸೊಪ್ಪಿನ ಬೆಟ್ಟ. ನವೆಂಬರಿನಲ್ಲಿ ಹುಳ ಸಮೇತ ಎರಡು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡು ಜೇನು) ಪೆಟ್ಟಿಗೆ ತರುವ ಯೋಚನೆ. ಊರಲ್ಲಿ ಯಾರನ್ನು ಕೇಳಿದರೂ "ಮುಂದಿನ ಮಳೆಗಾಲಕ್ಕೆ ಪೆಟ್ಟಿಗೆ ಖಾಲಿ, ಬರೀ ಮೇಣದ ಹುಳ (ಮೇಣ ತಿನ್ನುವ ಪತಂಗದ ಮರಿ) ಉಳಿಯುತ್ತೆ" ಅಂತಾರೆ. ತರುವಾಗ ಏನು ನೋಡಬೇಕು, ಎಲ್ಲಿಡಬೇಕು, ಎಷ್ಟು ದಿನಕ್ಕೊಮ್ಮೆ ತೆರೆಯಬೇಕು, ಸಕ್ಕರೆ ಕೊಡಬೇಕೋ ಬೇಡವೋ? ಜೇನುತುಪ್ಪ ಮೊದಲ ವರ್ಷ ಸಿಗದಿದ್ದರೂ ಅಡ್ಡಿಯಿಲ್ಲ, ಹುಳ ನಿಂತರೆ ಸಾಕು.

ಘಟ್ಟದಕೆಳಗೆ:
ತರುವ ಸಮಯ ಸರಿ ಉಂಟು. ನವೆಂಬರಿನಿಂದ ಕುಟುಂಬ ಬೆಳೆಯುತ್ತಾ ಹೋಗುತ್ತದೆ, ತಪ್ಪಾದರೂ ತಿದ್ದಿಕೊಳ್ಳಲು ಸಮಯ ಇರುತ್ತದೆ. ಮೇ ತಿಂಗಳಲ್ಲಿ ತುಪ್ಪ ತೆಗೆದು ಉಳಿದ ಕುಟುಂಬವನ್ನು ಯಾರಾದರೂ ಕಡಿಮೆಗೆ ಕೊಡುತ್ತೇವೆ ಅಂದರೆ ತೆಗೆದುಕೊಳ್ಳಬೇಡಿ. ಅದು ನೇರ ಜೂನ್ ತಿಂಗಳ ಹಸಿವಿಗೆ ಬೀಳುತ್ತದೆ.

ಕೊಳ್ಳುವಾಗ ಹಗಲು ಹೋಗಿ, ಮುಚ್ಚಳ ತೆಗೆಸಿ, ಒಂದೊಂದೇ ಫ್ರೇಮ್ ಎತ್ತಿಸಿ ನೋಡಿ. ಕಡಿಮೆಯೆಂದರೆ ನಾಲ್ಕೈದು ಎರಿಗಳ (ಫ್ರೇಮಿನಲ್ಲಿ ಹುಳ ಕಟ್ಟಿದ ಮೇಣದ ತಟ್ಟೆಗಳ) ಎರಡೂ ಬದಿಯಲ್ಲಿ ಹುಳ ಮುತ್ತಿಕೊಂಡಿರಬೇಕು. ಮೊಟ್ಟೆ, ಬಿಳಿ ಮರಿ, ಮುಚ್ಚಿದ ಮರಿ (ಕೋಣೆಗೆ ಮೇಣದ ಮುಚ್ಚಳ ಬಿದ್ದದ್ದು) ಮೂರೂ ಇರಬೇಕು. ಮುಚ್ಚಿದ ಮರಿ ಒತ್ತಾಗಿ ಒಂದೇ ಹರವಿನಲ್ಲಿದ್ದರೆ ರಾಣಿ ಚೆನ್ನಾಗಿದ್ದಾಳೆ. ಅಲ್ಲೊಂದು ಇಲ್ಲೊಂದು ಚದುರಿದ್ದರೆ, ನಡುನಡುವೆ ಖಾಲಿ ಕೋಣೆ ಇದ್ದರೆ ರಾಣಿ ಮುದಿಯಾಗಿರಬಹುದು ಅಥವಾ ರೋಗ ಇರಬಹುದು, ಅಂಥದ್ದನ್ನು ಬಿಟ್ಟುಬಿಡಿ. ಎರಿ ಕಪ್ಪಗಾಗಿ ಗಟ್ಟಿಯಾಗಿದ್ದರೂ ಬೇಡ.

ಸಾಗಿಸುವುದು ಕತ್ತಲಾದ ಮೇಲೆ, ಹುಳ ಎಲ್ಲ ಒಳಗೆ ಸೇರಿದ ಮೇಲೆ. ಬಾಗಿಲಿಗೆ ಬಟ್ಟೆ ತುರುಕಬೇಡಿ, ಉಸಿರುಗಟ್ಟಿ ಬಿಸಿಯೇರಿ ಎರಿ ಕುಸಿಯುತ್ತದೆ. ಸೊಳ್ಳೆ ಬಲೆಯ ತಂತಿ ಜಾಲರಿ ಬಡಿಯಿರಿ. ಜೀಪಿನಲ್ಲಿ ಇಡುವಾಗ ಫ್ರೇಮ್‌ಗಳ ಉದ್ದ ಗಾಡಿ ಓಡುವ ದಿಕ್ಕಿಗೇ ಇರಲಿ. ಅಡ್ಡಕ್ಕಿಟ್ಟರೆ ಬ್ರೇಕ್ ಹಾಕಿದಾಗೆಲ್ಲ ಎರಿಗಳು ಒಂದಕ್ಕೊಂದು ಬಡಿದು ರಾಣಿ ಸಾಯಬಹುದು.

ಎರಿಫ್ರೇಮ್:
ಒಂದು ಮಾತು ಸೇರಿಸುತ್ತೇನೆ. ಎರಡೂ ಪೆಟ್ಟಿಗೆ ಒಂದೇ ಅಳತೆಯವೋ ಅಂತ ಮೊದಲೇ ನೋಡಿಕೊಳ್ಳಿ. ಫಾದರ್ ನ್ಯೂಟನ್ 1910ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬಳಕೆಗೆ ತಂದ ಚಿಕ್ಕ ಪೆಟ್ಟಿಗೆಯ ಫ್ರೇಮ್ ಬೇರೆ, ಐಎಸ್‌ಐ (ಸರ್ಕಾರಿ ಮಾನಕದ) ಎ ಮಾದರಿಯ ಎಂಟು ಫ್ರೇಮಿನ ಪೆಟ್ಟಿಗೆಯದ್ದು ಬೇರೆ. ಒಂದರ ಫ್ರೇಮ್ ಇನ್ನೊಂದಕ್ಕೆ ಕೂರದಿದ್ದರೆ ಎರಡು ಪೆಟ್ಟಿಗೆ ಇಟ್ಟುಕೊಳ್ಳುವ ದೊಡ್ಡ ಲಾಭವೇ ಹೋಯಿತು. ಒಂದು ಬಡವಾದಾಗ ಇನ್ನೊಂದರಿಂದ ಮರಿ ಎರಿ ತೆಗೆದುಕೊಡಲು ಆಗಬೇಕು. ಹೊಸಬರು ಒಂದೇ ಪೆಟ್ಟಿಗೆ ತರಬಾರದು ಅನ್ನುವುದೂ ಅದಕ್ಕೇ.

ಬಡಗಿಯಿಂದ ಮಾಡಿಸುವುದಾದರೆ ಅಂದ ಹೇಗಾದರೂ ಇರಲಿ, ಒಳಗಿನ ಸಂದು ಸರಿಯಿರಬೇಕು. ಫ್ರೇಮಿಗೂ ಗೋಡೆಗೂ ನಡುವೆ 8 ಮಿಲಿಮೀಟರ್ ಆಸುಪಾಸು ಹುಳದ ದಾರಿ ಬಿಡಬೇಕು. ಹೆಚ್ಚು ಬಿಟ್ಟರೆ ಅಲ್ಲೊಂದು ಅಡ್ಡ ಎರಿ ಕಟ್ಟುತ್ತವೆ, ಕಡಿಮೆ ಬಿಟ್ಟರೆ ಓಡಾಡಲಾಗದೆ ಅಂಟಿಸಿಬಿಡುತ್ತವೆ. ಒಂದು ಎರಿಯ ನಡುವಿನಿಂದ ಪಕ್ಕದ ಎರಿಯ ನಡುವಿಗೆ ಸುಮಾರು 30 ಮಿಲಿಮೀಟರ್. ಮರ ಒಣಗಿರಬೇಕು, ಘಾಟು ವಾಸನೆ ಇರಬಾರದು. ಹಲಸು, ಸಾಗುವಾನಿ ಎರಡೂ ಆಗುತ್ತದೆ. ಪೇಂಟ್ ಹೊರಗೆ ಮಾತ್ರ.

ಎರಿ ಕಟ್ಟಲು ಫ್ರೇಮಿಗೆ ಹಾಕುವ ಮೇಣದ ಹಾಳೆ ಕೊಳ್ಳುವಾಗ ತುಡುವೆಯದ್ದೇ ಅಂತ ಕೇಳಿ. ಮೆಲ್ಲಿಫೆರಾ (ಹೊರದೇಶದಿಂದ ಬಂದ ದೊಡ್ಡ ಜೇನು) ಹಾಳೆಯ ಕೋಣೆ ದೊಡ್ಡದು. ಸಿಗದಿದ್ದರೆ ಫ್ರೇಮಿನ ಮೇಲ್ಪಟ್ಟಿಯ ಅಡಿಗೆ ಒಂದು ಬೆರಳಗಲ ಮೇಣದ ಪಟ್ಟಿ ಅಂಟಿಸಿದರೂ ಸಾಕು, ನೇರಕ್ಕೆ ಕಟ್ಟಿಕೊಳ್ಳುತ್ತವೆ. ಪೆಟ್ಟಿಗೆ ಮಾತ್ರ ಮಟ್ಟಕ್ಕಿರಬೇಕು, ಎರಿ ತೂಕದ ಗುಂಡಿನ ಹಾಗೆ ನೆಟ್ಟಗೆ ಇಳಿಯುತ್ತದೆ. ಪಕ್ಕಕ್ಕೆ ಓಲಿದರೆ ಒಂದು ಎರಿ ಎರಡು ಫ್ರೇಮಿಗೆ ಕಟ್ಟಿಕೊಂಡು, ಎತ್ತುವಾಗ ಮುರಿಯುತ್ತದೆ. ಬಾಗಿಲ ಕಡೆಗೆ ಒಂಚೂರು ಇಳಿಜಾರು ಇರಲಿ, ಮಳೆನೀರು ಒಳಗೆ ನಿಲ್ಲುವುದಿಲ್ಲ.

ಅಡಿಕೆಮನೆ:
ಎರಿಫ್ರೇಮ್ ಅವರೇ, ಇದು ಗೊತ್ತೇ ಇರಲಿಲ್ಲ, ಕೊಡುವವರ ಹತ್ತಿರ ಒಂದು ಆ ಮಾದರಿ, ಒಂದು ಈ ಮಾದರಿ ಇದೆ. ಕೇಳಿ ಬದಲಿಸಿಕೊಳ್ಳುತ್ತೇನೆ. ಅಡಿಕೆ ಮರದ ಬುಡದಲ್ಲೇ ಇಡಬಹುದಾ?

ಮೂಡಿಗೆರೆ ಕಾಫಿ:
ನೆರಳು ಬೇಕು, ಆದರೆ ಹಾಳೆ ಸೋಗೆ ಬೀಳುವ ಗೆರೆಯಲ್ಲಿ ಬೇಡ. ಒಂದು ಹಾಳೆ ಬಿದ್ದರೆ ಮುಚ್ಚಳ ಹಾರುತ್ತೆ. ತೋಟದ ಅಂಚಿನಲ್ಲಿ, ಬೆಳಗಿನ ಎಳೆಬಿಸಿಲು ಬಾಗಿಲಿಗೆ ಬೀಳುವ ಹಾಗೆ ಪೂರ್ವಕ್ಕೆ ಮುಖ ಮಾಡಿ, ಮಧ್ಯಾಹ್ನಕ್ಕೆ ನೆರಳಾಗಲಿ. ತೋಟದ ಒಳಗಿನ ತಂಡಿಯಲ್ಲಿ ಹುಳ ಬೆಳಗ್ಗೆ ತಡವಾಗಿ ಹೊರಡುತ್ತವೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎಂಟು ಹತ್ತು ಅಡಿ ಬಿಡಿ. ಬಾಗಿಲ ಮುಂದೆ ಜನ, ದನ ಓಡಾಡುವ ದಾರಿ ಇರಬಾರದು.

ಸೊಂಟದ ಎತ್ತರಕ್ಕೆ ಒಂಟಿ ಕಾಲಿನ ಸ್ಟ್ಯಾಂಡ್ ಒಳ್ಳೆಯದು. ಒಂದೇ ಕಾಲಾದರೆ ಇರುವೆಗೂ ಒಂದೇ ದಾರಿ. ಕಾಲಿಗೆ ನೀರಿನ ಬಟ್ಟಲು ಕೂರಿಸಿ ಅಥವಾ ಗ್ರೀಸ್ ಹಚ್ಚಿದ ಬಟ್ಟೆ ಸುತ್ತಿ. ಬಟ್ಟಲಲ್ಲಿ ನೀರು ಆರಿದ ರಾತ್ರಿಯೇ ಇರುವೆ ಹತ್ತೋದು, ಹಾಗಾಗಿ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನೋಡಿ. ಪೆಟ್ಟಿಗೆಗೆ ತಾಗುವ ಕಾಫಿ ರೆಂಬೆ, ಹುಲ್ಲು, ಮೆಣಸಿನ ಬಳ್ಳಿ ಎಲ್ಲ ಸವರಿಬಿಡಿ. ನೀರಿನ ಬಟ್ಟಲು ತುಂಬಿದ್ದರೂ ಚಗಳಿ ಇರುವೆ ಎಲೆ ಹಿಡಿದು ಇಳಿಯುತ್ತೆ.

ಮುಚ್ಚಳದ ಮೇಲೆ ತಗಡು ಹಾಕಿ ಕಲ್ಲು ಹೇರಿ. ಹತ್ತಿರ ಹೊಳೆ ಹಳ್ಳ ಇಲ್ಲದಿದ್ದರೆ ಅಗಲ ತಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ ನೀರಿಡಿ, ಬರೀ ನೀರಿಟ್ಟರೆ ಮುಳುಗಿ ಸಾಯುತ್ತವೆ.

ಕೀಟಲೋಕ:
ತೆರೆದು ನೋಡುವ ವಿಷಯ. ನವೆಂಬರಿನಿಂದ ಮೇವರೆಗೆ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಹದಿನೈದು ದಿನಕ್ಕೊಮ್ಮೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು, ದುಡಿಯುವ ಹುಳ ಹೊರಗಿರುತ್ತವೆ. ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಹತ್ತು ನಿಮಿಷಕ್ಕಿಂತ ಹೆಚ್ಚು ತೆರೆದಿಡಬೇಡಿ.

ಹೊಗೆ ಮಿತವಾಗಿರಲಿ. ತೆಂಗಿನ ನಾರಿನ ತಣ್ಣನೆಯ ಹೊಗೆ ಬಾಗಿಲಿಗೆ ಎರಡು ಸಲ, ಮುಚ್ಚಳದಡಿಗೆ ಒಂದು ಸಲ, ಅಷ್ಟೆ. ಮೆಲ್ಲಿಫೆರಾದವರ ವಿಡಿಯೋ ನೋಡಿ ಹೊಗೆ ಊದಿದರೆ ತುಡುವೆ ಎರಿ ಬಿಟ್ಟು ಗೋಡೆಗೆ ಓಡುತ್ತದೆ, ಆಮೇಲೆ ಏನೂ ಕಾಣುವುದಿಲ್ಲ.

ಬದಿಯ ಫ್ರೇಮ್ ಮೊದಲು ತೆಗೆದು ಜಾಗ ಮಾಡಿಕೊಂಡು ಉಳಿದವನ್ನು ನೆಟ್ಟಗೆ ಮೇಲಕ್ಕೆ ಎತ್ತಿ. ಹೊಸ ಎರಿಯನ್ನು ಎಂದೂ ಅಡ್ಡ ಮಲಗಿಸಬೇಡಿ, ಬಿಸಿಲಲ್ಲಿ ಮುರಿದು ಬೀಳುತ್ತದೆ. ರಾಣಿಯನ್ನು ಹುಡುಕುತ್ತಾ ಕೂರುವುದು ಹೊಸಬರ ಚಟ. ಬೇಕಾಗಿಲ್ಲ. ಸೂರ್ಯ ಬೆನ್ನಿಗೆ ಬರುವ ಹಾಗೆ ನಿಂತು ಕೋಣೆಯ ತಳ ನೋಡಿ. ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಮೊಟ್ಟೆ ಕಂಡರೆ ಕಳೆದ ಮೂರು ದಿನದೊಳಗೆ ರಾಣಿ ಅಲ್ಲಿ ಬಂದುಹೋಗಿದ್ದಾಳೆ ಎಂದರ್ಥ. ಮೊದಲ ದಿನ ಮೊಟ್ಟೆ ನಿಂತಿರುತ್ತದೆ, ಆಮೇಲೆ ವಾಲುತ್ತದೆ, ಮೂರನೇ ದಿನ ಮಲಗಿರುತ್ತದೆ.

ಪ್ರತಿ ಸಲ ತಪ್ಪದೆ ಮಾಡಬೇಕಾದದ್ದು ಅಡಿಮಣೆ ಗುಡಿಸುವುದು. ತುಡುವೆ ಹಳೆಯ ಎರಿಯನ್ನು ಕಡಿದು ಉದುರಿಸುವ ಜಾತಿ. ಆ ಮೇಣದ ಪುಡಿಯಲ್ಲೇ ಮೇಣದ ಪತಂಗದ ಮರಿ ಬೆಳೆಯುವುದು. ವಾರಕ್ಕೊಮ್ಮೆ ಗುಡಿಸಿ ಸುಟ್ಟರೆ ಅರ್ಧ ಕಾಟ ಅಲ್ಲೇ ಮುಗಿಯಿತು. ಹುಳ ಮುಚ್ಚಿಕೊಳ್ಳದ ಖಾಲಿ ಎರಿಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಊರವರು "ಮೇಣದ ಹುಳ ಬಂದು ಜೇನು ಹೋಯಿತು" ಅನ್ನುವುದು ಹೆಚ್ಚಿನ ಸಲ ತಿರುಗುಮುರುಗು. ಬೇರೆ ಕಾರಣಕ್ಕೆ ಜೇನು ಬಡವಾಗಿ, ಕಾಯುವವರಿಲ್ಲದ ಎರಿಗೆ ಮೇಣದ ಹುಳ ಬಿದ್ದಿರುತ್ತದೆ.

ಘಟ್ಟದಕೆಳಗೆ:
ಆ ಬೇರೆ ಕಾರಣದ್ದೇ ಮುಖ್ಯ ಮಾತು. ತುಡುವೆ ಪರಾರಿಯಾಗುವುದು ಹಠಾತ್ತಾಗಿ ಅಲ್ಲ ಮಾರಾಯ್ರೆ, ವಾರ ಎರಡು ವಾರ ಮುಂಚೆಯೇ ತಯಾರಿ ಕಾಣುತ್ತದೆ. ಕಾಲಿನಲ್ಲಿ ಪರಾಗ ತರುವ ಹುಳ ಕಡಿಮೆಯಾಗುತ್ತವೆ. ರಾಣಿ ಮೊಟ್ಟೆ ನಿಲ್ಲಿಸಿ ತೆಳ್ಳಗಾಗುತ್ತಾಳೆ. ಮುಚ್ಚಿದ ಮರಿ ಎಲ್ಲ ಹೊರಬರುವವರೆಗೆ ಕಾಯುತ್ತವೆ, ಕೂಡಿಟ್ಟ ತುಪ್ಪ ಕುಡಿಯುತ್ತವೆ, ಒಂದು ಬಿಸಿಲು ಬಿದ್ದ ದಿನ ಎದ್ದು ಹೋಗುತ್ತವೆ. ಎರಿಯಲ್ಲಿ ಮೊಟ್ಟೆಯೂ ಇಲ್ಲ, ಬಿಳಿ ಮರಿಯೂ ಇಲ್ಲ, ತುಪ್ಪವೂ ಮುಗಿದಿದೆ ಅಂತ ಕಂಡರೆ ಅದೇ ಸಂಜೆ ಕೆಲಸ ಶುರು ಮಾಡಬೇಕು.

ಮೊದಲು ಸಕ್ಕರೆ ಪಾಕ. ಎರಡನೆಯದು, ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಬಿಳಿ ಮರಿ ಇರುವ ಒಂದು ಎರಿ, ಮೇಲಿನ ಹುಳ ಕೊಡವಿ, ರಾಣಿ ಇಲ್ಲವೆಂದು ಖಾತ್ರಿ ಮಾಡಿ ನಡುವಿಗೆ ಕೊಡಿ. ಸಾಕಬೇಕಾದ ಮರಿ ಇದ್ದರೆ ಹುಳ ಸುಲಭಕ್ಕೆ ಹೊರಡುವುದಿಲ್ಲ. ಮೂರನೆಯದು, ಓಡಿಸುತ್ತಿರುವುದು ಏನು ಅಂತ ಹುಡುಕಿ: ಇರುವೆಯೋ, ಸೋರುವ ಮುಚ್ಚಳವೋ, ಮಧ್ಯಾಹ್ನದ ಬಿಸಿಲೋ, ಕಣಜದ ಹುಳವೋ. ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡುವ ಯಜಮಾನರೂ ಕಾರಣವಾಗುವುದುಂಟು.

ಕಣಜ ಬಾಗಿಲಲ್ಲೇ ಹೊಂಚು ಹಾಕಿ ಒಂದೊಂದೇ ಹುಳ ಹಿಡಿಯುತ್ತದೆ. ಬಾಗಿಲನ್ನು ಎರಡು ಮೂರು ಹುಳ ಹಿಡಿಸುವಷ್ಟಕ್ಕೆ ಕಿರಿದು ಮಾಡಿ, ಬಂದ ಕಣಜವನ್ನು ಬ್ಯಾಡ್ಮಿಂಟನ್ ಬ್ಯಾಟಿನಿಂದ ಹೊಡೆಯುವುದೇ ಉಪಾಯ. ಬಲವಾದ ಕುಟುಂಬ ತಾನೇ ಕಣಜದ ಮೇಲೆ ಉಂಡೆ ಕಟ್ಟಿ, ಬಿಸಿಯೇರಿಸಿ ಕೊಲ್ಲುತ್ತದೆ. ಬಡವಾದದ್ದಕ್ಕೆ ಆ ಶಕ್ತಿ ಇಲ್ಲ.

ಗೆರಟೆ:
ಬಾಗಿಲಿಗೆ ರಾಣಿ ಗೇಟ್ (ದುಡಿಯುವ ಹುಳ ಮಾತ್ರ ನುಸಿಯುವ ಸೀಳಿನ ತಡೆ) ಹಾಕಿಬಿಟ್ಟರೆ ಇಷ್ಟೆಲ್ಲ ತಲೆಬಿಸಿ ಯಾಕೆ? ರಾಣಿ ಹೊರಗೆ ಬರಲಾರಳು, ರಾಣಿ ಇಲ್ಲದೆ ಹುಳ ಹೋಗಲಾರವು.

ಕೀಟಲೋಕ:
ಹೊಸದಾಗಿ ತಂದಾಗ ವಾರದ ಮಟ್ಟಿಗೆ ಸರಿ. ವರ್ಷಪೂರ್ತಿ ಹಾಕಿಡುವುದನ್ನು ನಾನು ಒಪ್ಪುವುದಿಲ್ಲ. ಗೇಟಿನ ಸೀಳಿನಲ್ಲಿ ನುಸಿಯುವಾಗ ಕಾಲಿನ ಪರಾಗ ಉದುರುತ್ತದೆ. ಗಂಡು ಹುಳ ಒಳಗೇ ಸಿಕ್ಕಿಕೊಂಡು ಸತ್ತು ದಾರಿ ಕಟ್ಟುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದೆ ಹೊಸ ರಾಣಿ ಹುಟ್ಟಿದ್ದರೆ ಅವಳು ಗಂಡಿನ ಜೊತೆ ಕೂಡಲು ಹೊರಗೆ ಹಾರಲೇಬೇಕು. ಗೇಟ್ ಇದ್ದರೆ ಆ ಕುಟುಂಬ ಮುಗಿದ ಹಾಗೆಯೇ. ಹಸಿದ ಹುಳವನ್ನು ಗೇಟಿನಿಂದ ಕೂಡಿಹಾಕಿದರೆ ಹಸಿವು ಹೋಗುವುದಿಲ್ಲವಲ್ಲ ಸರ್.

ಗೆರಟೆ:
ಒಪ್ಪಿದೆ. ಹಾಗಾದರೆ ಪಾಕದ ವಿಷಯ ನಾನು ಹೇಳುತ್ತೇನೆ, ಹೆಸರಿಗೆ ತಕ್ಕಂತೆ.

ತೂಕದಲ್ಲಿ ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ನೀರು ಕುದಿಸಿ, ಒಲೆಯಿಂದ ಇಳಿಸಿ, ಆಮೇಲೆ ಸಕ್ಕರೆ ಕದಡಿ. ಸಕ್ಕರೆ ಹಾಕಿ ಕುದಿಸಬೇಡಿ, ತಳ ಹಿಡಿದು ಕಂದಿದ ಪಾಕ ಹುಳಕ್ಕೆ ಒಗ್ಗುವುದಿಲ್ಲ. ಪೂರ್ತಿ ಆರಿದ ಮೇಲೆ ಗೆರಟೆಗೆ (ತೆಂಗಿನ ಚಿಪ್ಪಿಗೆ) ಹಾಕಿ, ಮೇಲೆ ನಾಲ್ಕಾರು ಒಣ ಕಡ್ಡಿ ಅಥವಾ ಜರಿಗಿಡದ ಕಾಂಡ ತೇಲಿಬಿಡಿ, ಹುಳ ಕೂತು ಕುಡಿಯಲು. ಖಾಲಿ ಜೇನು ಕೋಣೆಯನ್ನು (ತುಪ್ಪಕ್ಕೆಂದು ಇರುವ ಪೆಟ್ಟಿಗೆಯ ಮೇಲಂತಸ್ತು) ಮೇಲಿಟ್ಟು ಅದರೊಳಗೆ, ಮರಿ ಎರಿಗಳ ಮೇಲ್ಭಾಗಕ್ಕೆ ಗೆರಟೆ ಇಡಬೇಕು. ಒಂದು ಕುಟುಂಬಕ್ಕೆ ವಾರಕ್ಕೆ ಒಂದೆರಡು ಸಲ, ಸಲಕ್ಕೆ 200ರಿಂದ 250 ಮಿಲಿಲೀಟರ್. ಬೆಳಗ್ಗೆ ಉಳಿದಿದ್ದರೆ ತೆಗೆದು ಚೆಲ್ಲಿ, ಮಳೆಗಾಲದಲ್ಲಿ ಬೇಗ ಹುಳಿಯುತ್ತದೆ. ಜುಲೈನ ಜಡಿಮಳೆಯಲ್ಲಿ ನೀರು ಕಡಿಮೆ ಮಾಡಿ, ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು.

ಬೆಲ್ಲ ಬೇಡವೇ ಬೇಡ, ಹುಳಕ್ಕೆ ಭೇದಿ ಹಿಡಿಯುತ್ತದೆ. ಕೊಡುವುದು ಮುಸ್ಸಂಜೆಯಲ್ಲಿ, ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ. ಹಗಲು ಕೊಟ್ಟರೆ, ಹೊರಗೆ ಒಂದು ಹನಿ ಚೆಲ್ಲಿದರೆ, ಬಲವಾದ ಪೆಟ್ಟಿಗೆಯ ಹುಳ ಬಡ ಪೆಟ್ಟಿಗೆಗೆ ನುಗ್ಗಿ ದೋಚುತ್ತವೆ. ಬಾಗಿಲಲ್ಲಿ ಕಚ್ಚಾಟ, ಕೆಳಗೆ ಸತ್ತ ಹುಳದ ರಾಶಿ ಕಂಡರೆ ಬಾಗಿಲು ಕಿರಿದು ಮಾಡಿ ಒದ್ದೆ ಬಟ್ಟೆ ಇಳಿಬಿಡಿ.

ತುಪ್ಪಕ್ಕಾಗಿ ಜೇನು ಕೋಣೆ ಏರಿಸಿದ ಮೇಲೆ ಪಾಕ ಪೂರ್ತಿ ಬಂದ್. ಆಮೇಲೆ ಕೊಟ್ಟರೆ ಅದು ಎರಿಗೇ ಹೋಗಿ ಕೂರುತ್ತದೆ, ಅದನ್ನು ಜೇನುತುಪ್ಪ ಅಂತ ಮಾರಿದರೆ ಕಲಬೆರಕೆ.

ಅಡಿಕೆಮನೆ:
ಸಕ್ಕರೆ ಕೊಟ್ಟರೆ ಸಾಕಾ, ಪರಾಗಕ್ಕೆ ಏನು ಮಾಡೋದು? ಮಳೆಗಾಲದಲ್ಲಿ ಇಲ್ಲಿ ಹೂವೇ ಇರಲ್ಲ.

ಮೂಡಿಗೆರೆ ಕಾಫಿ:
ಇರುತ್ತೆ, ನಾವು ಕಳೆ ಅಂತ ಕೀಳ್ತೀವಿ. ನಾಚಿಕೆಮುಳ್ಳು ಮಳೆ ಹೊಳವಾದಾಗೆಲ್ಲ ಪರಾಗ ಕೊಡುತ್ತೆ. ತೋಟದ ಬೇಲಿ ಬದಿಯಲ್ಲಾದರೂ ಉಳಿಸಿ. ತೆಂಗು ಹನ್ನೆರಡು ತಿಂಗಳೂ ಹೊಂಬಾಳೆ ಬಿಡುತ್ತೆ. ಕಡಲೆಹಿಟ್ಟು, ಸೋಯಾ ಹಿಟ್ಟು ಕಲಸಿ ಉಂಡೆ ಇಡುವವರಿದ್ದಾರೆ, ತುಡುವೆ ಅದನ್ನು ಮುಟ್ಟುವುದು ಕಡಿಮೆ. ಇರುವೆ ಕರೆದಂತಾಗುತ್ತೆ ಅಷ್ಟೆ.

ಬೆಟ್ಟದಲ್ಲಿ ಮತ್ತಿ, ಹೊನ್ನೆ, ನೇರಳೆ, ಅಂಟುವಾಳ, ಸೀಗೆ ಇದ್ದರೆ ಬೇಸಿಗೆಗೆ ಚಿಂತೆಯಿಲ್ಲ. ಕಾಫಿ ಇದ್ದವರಿಗೆ ಹೂಮಳೆ ಬಿದ್ದು ವಾರದ ಹೊತ್ತಿಗೆ ಒಮ್ಮೆಲೇ ಹೂ, ಮೂರ್ನಾಲ್ಕು ದಿನದ ಹಬ್ಬ. ಹೂ ಬರುವ ಮುಂಚೆಯೇ ಕುಟುಂಬ ತುಂಬಿರಬೇಕು. ಹೂ ಬಂದ ಮೇಲೆ ಇಟ್ಟ ಮೊಟ್ಟೆ ಹುಳವಾಗಿ ಹೊರಗೆ ದುಡಿಯಲು ಐದು ವಾರವಾದರೂ ಬೇಕು, ಅಷ್ಟೊತ್ತಿಗೆ ಹೂ ಮುಗಿದಿರುತ್ತೆ.

ಎರಿಫ್ರೇಮ್:
ನವೆಂಬರಿನಲ್ಲಿ ತಂದರೆ ನಿಮಗೆ ಮೊದಲು ಎದುರಾಗುವುದು ಪಾಲಾಗುವ ಗಡಿಬಿಡಿ, ಅಂದರೆ ಒಂದು ಕುಟುಂಬ ಒಡೆದು ಎರಡಾಗುವುದು. ಡಿಸೆಂಬರ್, ಜನವರಿಯಲ್ಲಿ ಗಂಡು ಮರಿ ಏಳುತ್ತವೆ. ಗಂಡಿನ ಕೋಣೆಯ ಮುಚ್ಚಳ ಉಬ್ಬಿ, ನಡುವೆ ಸೂಜಿ ಚುಚ್ಚಿದಂಥ ತೂತಿರುತ್ತದೆ. ಅದು ರೋಗವಲ್ಲ, ತುಡುವೆಯ ಲಕ್ಷಣವೇ ಹಾಗೆ. ಅದರ ಬೆನ್ನಿಗೇ ಎರಿಯ ಕೆಳ ಅಂಚಿನಲ್ಲಿ ಶೇಂಗಾ ಬೀಜದ ಸಿಪ್ಪೆಯಂತೆ ಇಳಿಬಿದ್ದ ರಾಣಿ ಕೋಶಗಳು ಕಾಣುತ್ತವೆ. ಮೊದಲ ಕೋಶ ಮುಚ್ಚುವ ಹೊತ್ತಿಗೆ ಹಳೆಯ ರಾಣಿ ಅರ್ಧ ಹುಳ ಕಟ್ಟಿಕೊಂಡು ಹೊರಡುತ್ತಾಳೆ.

ಕೋಶ ಕಿತ್ತರೆ ನಿಲ್ಲುತ್ತದೆ ಅಂದುಕೊಳ್ಳಬೇಡಿ, ಮತ್ತೆ ಕಟ್ಟುತ್ತವೆ. ಕುಟುಂಬ ಏಳೆಂಟು ಫ್ರೇಮ್ ತುಂಬಿದ್ದರೆ ನೀವೇ ಪಾಲು ಮಾಡಿ. ಹಳೆಯ ರಾಣಿ ಇರುವ ಫ್ರೇಮನ್ನು ಇನ್ನೆರಡು ಮರಿ ಫ್ರೇಮಿನ ಸಮೇತ, ಅವುಗಳಲ್ಲಿ ಕೋಶ ಇಲ್ಲವೆಂದು ನೋಡಿ, ಹೊಸ ಪೆಟ್ಟಿಗೆಗೆ ಹಾಕಿ ದೂರ ಇಡಿ. ಹೊರಗೆ ದುಡಿಯುವ ಹುಳ ಹಳೆಯ ಜಾಗಕ್ಕೇ ವಾಪಸ್ಸು ಹೋಗುವುದರಿಂದ ಇನ್ನೊಂದು ಎರಡು ಫ್ರೇಮಿನ ಎಳೆ ಹುಳ ಕೊಡವಿ ಸೇರಿಸಿ. ಹಳೆಯ ಪೆಟ್ಟಿಗೆಯಲ್ಲಿ ಒಳ್ಳೆಯ ಉದ್ದದ ಕೋಶ ಒಂದು ಬಿಟ್ಟು ಉಳಿದದ್ದು ತೆಗೆಯಿರಿ. ಎಲ್ಲ ಬಿಟ್ಟರೆ ಎರಡನೇ ಪಾಲು, ಮೂರನೇ ಪಾಲು ಅಂತ ಹೋಗಿ ಮುಷ್ಟಿ ಹುಳ ಉಳಿಯುತ್ತದೆ.

ಲೆಕ್ಕ ಹೀಗೆ. ಮೊಟ್ಟೆಯಿಂದ ರಾಣಿ ಹೊರಬರಲು 15-16 ದಿನ, ಕೋಶ ಮುಚ್ಚುವುದು ಎಂಟನೇ ದಿನದ ಹೊತ್ತಿಗೆ. ಹೊರಬಂದ ಮೇಲೆ ಗಂಡಿನ ಜೊತೆ ಹಾರಲು ಸುಮಾರು ಒಂದು ವಾರ, ಆಮೇಲೆ ಮೊಟ್ಟೆ ಇಡಲು ಮೂರ್ನಾಲ್ಕು ದಿನ. ಈ ಅವಧಿಯಲ್ಲಿ ಪೆಟ್ಟಿಗೆ ಮುಟ್ಟಬೇಡಿ. ಕೋಶ ಮುಚ್ಚಿ ನಾಲ್ಕು ವಾರವಾದರೂ ಮೊಟ್ಟೆ ಇಲ್ಲದಿದ್ದರೆ ರಾಣಿ ಹಕ್ಕಿಗೋ ಮಳೆಗೋ ಹೋಗಿದ್ದಾಳೆ.

ಅಡಿಕೆಮನೆ:
ರಾಣಿ ಇಲ್ಲದಿದ್ದರೂ ಮೊಟ್ಟೆ ಕಾಣಬಹುದು ಅಂತ ಎಲ್ಲೋ ಓದಿದೆ?

ಕೀಟಲೋಕ:
ಹೌದು. ರಾಣಿಯೂ ಇಲ್ಲ, ಮರಿಯೂ ಇಲ್ಲವೆಂದಾದರೆ ಕೆಲಸಗಾರ ಹುಳಗಳೇ ಮೊಟ್ಟೆ ಇಡಲು ತೊಡಗುತ್ತವೆ, ತುಡುವೆಯಲ್ಲಿ ಇದು ಬಹಳ ಬೇಗ ಆಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಮೂರು ಮೊಟ್ಟೆ, ತಳದಲ್ಲಿರುವ ಬದಲು ಗೋಡೆಗೆ ಅಂಟಿದ್ದು ಕಂಡರೆ ಅದೇ. ಎಲ್ಲವೂ ಗಂಡೇ ಆಗುತ್ತವೆ. ಅಂಥ ಕುಟುಂಬಕ್ಕೆ ಹೊಸ ರಾಣಿ ಕೊಟ್ಟರೆ ಕೊಂದುಹಾಕುತ್ತವೆ. ಬಲವಾದ ಇನ್ನೊಂದು ಕುಟುಂಬಕ್ಕೆ ಸೇರಿಸುವುದೇ ಸುಲಭ: ಸಂಜೆ, ಎರಡು ಕುಟುಂಬದ ಪೆಟ್ಟಿಗೆಗಳ ನಡುವೆ ಗುಂಡುಸೂಜಿಯಿಂದ ತೂತು ಮಾಡಿದ ಒಂದು ಹಾಳೆ ದಿನಪತ್ರಿಕೆ ಹಾಸಿ ಮೇಲೆ ಕೂರಿಸಿ. ಅವು ಕಾಗದ ಕಡಿಯುವಷ್ಟರಲ್ಲಿ ವಾಸನೆ ಒಂದಾಗುತ್ತದೆ.

ರೋಗದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ 1991-92ರಲ್ಲಿ ಕೊಡಗು, ದಕ್ಷಿಣ ಕನ್ನಡದ ತುಡುವೆಯನ್ನು ಹೆಚ್ಚುಕಡಿಮೆ ಬರಿದು ಮಾಡಿತು. ಈಗಲೂ ಆಗಾಗ ಏಳುತ್ತದೆ. ಮುಚ್ಚಳ ತೆರೆದ ಕೋಣೆಯಲ್ಲಿ ಮರಿ ಉದ್ದಕ್ಕೆ ಮಲಗಿ, ತಲೆ ಮೇಲಕ್ಕೆ ಮಾಡಿ ಸತ್ತಿರುತ್ತದೆ. ಚಿಮುಟದಿಂದ ಎಳೆದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ, ಕೆಟ್ಟ ವಾಸನೆ ಇರುವುದಿಲ್ಲ. ಮುಚ್ಚುವ ಮೊದಲೇ ಮರಿ ಸುರುಟಿ ಹಳದಿಯಾಗಿ, ಹುಳಿ ವಾಸನೆ ಬಂದರೆ ಅದು ಬೇರೆ, ಬ್ಯಾಕ್ಟೀರಿಯಾದ್ದು.

ಸ್ಯಾಕ್‌ಬ್ರೂಡಿಗೆ ಔಷಧಿ ಇಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ, ಅದರ ಅಂಶ ತುಪ್ಪದಲ್ಲಿ ಉಳಿಯುತ್ತದೆ. ಮರಿ ಎರಿ ತೆಗೆದು ಸುಟ್ಟು, ರಾಣಿಯನ್ನು ಎರಡು ಮೂರು ವಾರ ಪಂಜರದಲ್ಲಿಟ್ಟು ಮರಿ ಸರಣಿ ಮುರಿದು, ಪಾಕ ಕೊಟ್ಟು ನೋಡಬಹುದು. ಆ ಪೆಟ್ಟಿಗೆಯ ಫ್ರೇಮ್, ಚಾಕು, ಗೆರಟೆ ಯಾವುದೂ ಇನ್ನೊಂದಕ್ಕೆ ಹೋಗಬಾರದು. ಅನುಮಾನ ಬಂದರೆ ಭಾಗಮಂಡಲದಲ್ಲಿರುವ ತೋಟಗಾರಿಕೆ ಇಲಾಖೆಯ ಜೇನು ತರಬೇತಿ ಕೇಂದ್ರವನ್ನೋ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜೇನು ಕೃಷಿ ವಿಭಾಗವನ್ನೋ ಕೇಳಿ.

ಸೂರ್ಯಕಾಂತಿ:
ಇಷ್ಟೆಲ್ಲಾ ಒದ್ದಾಟ ಯಾಕ್ರೀ? ಮೆಲ್ಲಿಫೆರಾ ತರ್ರಿ. ತುಡುವೆ ವರ್ಷಕ್ಕೆ ಐದು ಹತ್ತು ಕೆಜಿ ಕೊಟ್ಟರ ಅದು ಮೂರು ಪಟ್ಟು ಕೊಡತೈತಿ, ಓಡಿನೂ ಹೋಗೂದಿಲ್ಲ.

ಮೂಡಿಗೆರೆ ಕಾಫಿ:
ನಿಮ್ಮ ಬಯಲುಸೀಮೆಗೆ ಸರಿ ಅಣ್ಣ. ಸೂರ್ಯಕಾಂತಿ ಮುಗಿದರೆ ಲಾರಿಗೆ ಹೇರಿ ಮುಂದಿನ ಬೆಳೆಗೆ ಹೋಗ್ತೀರಿ. ತೀರ್ಥಹಳ್ಳಿಯ ಮಳೆಯಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಂಡವರು ಎಲ್ಲಿಗೆ ಒಯ್ಯುವುದು? ಆ ದೊಡ್ಡ ಸಂಸಾರಕ್ಕೆ ಮಳೆಗಾಲದಲ್ಲಿ ಸಕ್ಕರೆ ಸುರಿಯಬೇಕು, ಜೇನಿನ ಮೈಗೆ ಹತ್ತುವ ವರೋವಾ ನುಸಿಗೆ ಉಪಚಾರ ಬೇರೆ. ಆ ನುಸಿ ಮೂಲದಲ್ಲಿ ತುಡುವೆಯದ್ದೇ, ಆದರೆ ತುಡುವೆ ಮೈ ಕೆರೆದು ಉದುರಿಸಿಕೊಂಡು ಬದುಕುತ್ತೆ.

ಘಟ್ಟದಕೆಳಗೆ:
ತುಪ್ಪದ ಮಾತು ಚುಟುಕಾಗಿ. ಕೆಳಗಿನ ಮರಿ ಕೋಣೆ ತುಂಬಿ ಎರಿಯ ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಂಡಾಗ ಜೇನು ಕೋಣೆ ಏರಿಸಿ. ತುಪ್ಪದ ಎರಿಯ ಮುಕ್ಕಾಲು ಪಾಲಿಗೆ ಹುಳ ಮೇಣದ ಮುಚ್ಚಳ ಹಾಕಿದ ಮೇಲೆ ಮಾತ್ರ ತೆಗೆಯಿರಿ. ಹಸಿ ತುಪ್ಪದಲ್ಲಿ ನೀರಿನ ಅಂಶ ಹೆಚ್ಚಿ ನೊರೆ ಬಂದು ಹುಳಿಯುತ್ತದೆ. ಆಹಾರ ಸುರಕ್ಷತಾ ನಿಯಮದಲ್ಲಿ ಮಿತಿ ಶೇ 20, ನಮ್ಮ ಕರಾವಳಿ ಮಲೆನಾಡಿನ ತುಡುವೆ ತುಪ್ಪ ಅವಸರ ಮಾಡಿದರೆ ಅದನ್ನು ಸುಲಭವಾಗಿ ದಾಟುತ್ತದೆ. ತುಪ್ಪ ತೆಗೆಯುವ ಯಂತ್ರ ನಿಧಾನಕ್ಕೆ ತಿರುಗಿಸಿ, ಜೋರು ಮಾಡಿದರೆ ಎರಿ ಹರಿಯುತ್ತದೆ. ಮರಿ ಕೋಣೆಯ ತುಪ್ಪಕ್ಕೆ ಕೈ ಹಾಕಲೇಬೇಡಿ. ಮೇ ನಡುವಿನಿಂದ ಬಂದದ್ದೆಲ್ಲ ಹುಳದ ಪಾಲು, ಜೂನ್ ದಾಟಿಸುವುದು ಅದೇ.

ಚುಚ್ಚಿದರೆ ಮುಳ್ಳನ್ನು ಹಿಂಡಬೇಡಿ, ಉಗುರಿನಿಂದ ಕೆರೆದು ತೆಗೆಯಿರಿ. ಊತ ಮಾಮೂಲು. ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ, ತಲೆಸುತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ.

ಅಡಿಕೆಮನೆ:
ತುಂಬಾ ಉಪಕಾರವಾಯಿತು. ಕೊನೆಗೊಂದು. ಮೊದಲು ಅಂಗಳದಲ್ಲಿಟ್ಟು ಪಳಗಿದ ಮೇಲೆ ನೂರಡಿ ಆಚೆ ತೋಟದ ಅಂಚಿಗೆ ಒಯ್ಯಬಹುದಾ?

ಎರಿಫ್ರೇಮ್:
ಒಂದೇ ಸಲಕ್ಕೆ ಒಯ್ದರೆ ಹೊರಗೆ ಹೋದ ಹುಳ ಹಳೆಯ ಜಾಗಕ್ಕೇ ಬಂದು ಗಾಳಿಯಲ್ಲಿ ಸುತ್ತಿ ಸಾಯುತ್ತವೆ. ಸಂಜೆ ಸಂಜೆ ಎರಡಡಿಯಂತೆ ಸರಿಸಬೇಕು, ನೂರಡಿಗೆ ಐವತ್ತು ಸಂಜೆ. ಇಲ್ಲವಾದರೆ ಮೂರು ಕಿಲೋಮೀಟರ್ ಆಚೆ ನೆಂಟರ ಮನೆಯಲ್ಲಿ ಎರಡು ಮೂರು ವಾರ ಇಟ್ಟು ವಾಪಸ್ಸು ತರಬೇಕು. ಸ್ಟ್ಯಾಂಡನ್ನು ಈಗಲೇ ತೋಟದ ಅಂಚಿನಲ್ಲಿ ಹುಗಿದುಬಿಡಿ, ಪೆಟ್ಟಿಗೆ ಜೀಪಿನಿಂದ ನೇರ ಅದರ ಮೇಲೇ ಇಳಿಯಲಿ.